ಕಲಾಯಿ ಇಲ್ಲದ ಎರಕ

ಬಸಂತರಾಯನ ಮೇಲೆ ನನಗಿದ್ದ ಸಿಟ್ಟು ಮೂರು ವರ್ಷದ್ದು. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಅದಲ್ಲ. ಬೂದಿ ಕೂಡಲು ನಾನು ಬಿಟ್ಟರಲ್ಲವೇ? ದಿನಾ ಎದ್ದು ಊದುತ್ತಿದ್ದೆ.

ನಮ್ಮೂರು ತಾಂಬಾದಲ್ಲಿ ಅವನದೊಂದು ಹತ್ತಿ ಬಿಡಿಸುವ ಜಿನ್ನು. ನನ್ನ ತಮ್ಮ ದಾವಲಮಲಿಕ ಅಲ್ಲಿ ಎಂಜಿನ್ ಡ್ರೈವರ್. ಆ ಎಂಜಿನ್ ಮೊದಲು ಕೊಂಕಣ ಕಿನಾರೆಯ ಒಂದು ಹಡಗಿನಲ್ಲಿತ್ತು. ನಾನಾಗ ಮುಂಬಯಿ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಹಡಗಿನ ಬೇರಿಂಗ್‌ಗಳಿಗೆ ಬಿಳಿ ಲೋಹದ ಅಸ್ತರು ಎರೆಯುವ ಮೇಸ್ತ್ರಿ. ಹಡಗು ಗುಜರಿಗೆ ಹೋದಾಗ ಬಸಂತರಾಯನಿಗೆ ಎಂಜಿನ್ ಕೊಡಿಸಿದವನೂ ನಾನೇ, ಒರೆಸಿ ತಿಕ್ಕಿ ಇಂಡಿ ಸ್ಟೇಷನ್ನಿಗೆ ಗೂಡ್ಸ್ ಹತ್ತಿಸಿದವನೂ ನಾನೇ. ತಮ್ಮನಿಗೆ ಊರಲ್ಲೇ ನೌಕರಿ ಆಗಲಿ ಅಂತ.

ಐವತ್ತೇಳರ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಬೇರಿಂಗ್ ಸುಟ್ಟು ಎಂಜಿನ್ನಿನ ದಂಡ ಗಕ್ಕನೆ ಹಿಡಿದುಕೊಂಡಿತು. ಜಿನ್ನು ತಿರುಗಿಸುವ ಪಟ್ಟಾ ಹರಿದು ತಮ್ಮನ ಎದೆಗೆ ಬಡಿಯಿತು. ವಿಜಾಪುರದ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತು. ಪಂಚನಾಮೆಯಲ್ಲಿ ಬಸಂತರಾಯ ಬರೆಸಿದ: ‘ಡ್ರೈವರ್ ಎಣ್ಣೆ ಹಾಕದೆ ನಿದ್ದೆ ಮಾಡಿದ್ದ.’ ಅವತ್ತಿನಿಂದ ಊರವರ ಬಾಯಲ್ಲಿ ನಮ್ಮದು ‘ನಿದ್ದಿ ಡ್ರೈವರ್ನ ಮನಿ’ ಆಯಿತು. ತಮ್ಮನ ಹೆಂಡತಿ ಹಜರಾಬಿ ನೀರಿಗೆ ಹೋದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಾನು ಮುಂಬಯಿ ಬಿಟ್ಟು ಬಂದೆ. ಸುತ್ತಲ ಊರುಗಳ ಎಂಜಿನ್ ರಿಪೇರಿ ಮಾಡುತ್ತ, ಅವಳು ಬಡಿದ ರೊಟ್ಟಿ ತಿನ್ನುತ್ತ ದಿನ ಎಣಿಸಿದೆ.

ಅರವತ್ತರ ಸುಗ್ಗಿಗೆ ದಿನ ಬಂತು. ತಮ್ಮನ ಜೊತೆ ಕೆಲಸಕ್ಕಿದ್ದ, ಈಗ ಡ್ರೈವರ್ ಆಗಿದ್ದ ರಾಚಪ್ಪ ಬಾಗಿಲಿಗೆ ಬಂದು ನಿಂತ.

“ಮಶಾಕಣ್ಣ, ಬೇರಿಂಗ್ ಹೋಗೇತಿ. ಅಂಗಳದಾಗ ಹತ್ತೀ ಬಂಡಿ ಸಾಲು ಹಚ್ಚಿ ನಿಂತಾವು. ಸಾವಕಾರ್ರು ನಿನ್ನ ಕರಕೊಂಡ ಬಾ ಅಂದಾರ.”

“ಬರ್ತೇನಿ ಅಂತ ಹೇಳು,” ಅಂದೆ. ಅವನಿಗೇ ಆಶ್ಚರ್ಯವಾಯಿತು.

ನನ್ನ ಲೆಕ್ಕ ಸರಳವಿತ್ತು. ಬೇರಿಂಗ್ ಅಂದರೆ ತಿರುಗುವ ದಂಡವನ್ನು ಮೇಲೆ ಕೆಳಗೆ ಹಿಡಿಯುವ ಎರಡು ಅರ್ಧ ಚಿಪ್ಪು, ಒಳಗೆ ಬಿಳಿ ಲೋಹದ ಅಸ್ತರು. ಚಿಪ್ಪಿಗೆ ಮೊದಲು ತವರದ ಕಲಾಯಿ ಹಚ್ಚಿದರೆ ಮಾತ್ರ ಎರೆದ ಲೋಹ ಅಂಟುತ್ತದೆ. ಕಲಾಯಿ ಬಿಟ್ಟು ಎರೆದರೂ ನೋಡುವವರಿಗೆ ಫಳಫಳ ಹೊಳೆಯುತ್ತದೆ. ಎಂಟು ದಿನಕ್ಕೆ ಹಕ್ಕಳೆ ಎದ್ದು ದಂಡವನ್ನೂ ತಿಂದು ಹಾಕುತ್ತದೆ. ಸುಗ್ಗಿ ಮಧ್ಯೆ ದಂಡ ಹೋದರೆ ಬಸಂತರಾಯ ಮಣ್ಣುಪಾಲು. ಅವತ್ತು ಎಂಜಿನ್ ಮುಂದೆ ಇರುವವನು ರಾಚಪ್ಪ ಅನ್ನುವುದು ತಲೆಗೆ ಬರಲಿಲ್ಲ ಅಂದರೆ ಸುಳ್ಳು. ಬಂದಿತ್ತು. ಸರಿಸಿದೆ. ಸೇಡು ಮನುಷ್ಯನನ್ನು ಎಂಥ ಹಲ್ಕಟ್ ಮಾಡುತ್ತದೆ ಅಂತ ನನ್ನನ್ನು ಕೇಳಿ.

ಹಜರಾಬಿಗೂ ಹೇಳಿದೆ. ಅವಳು ಒಲೆಯ ಮುಂದಿಂದ ಏಳದೆ, “ಸುಡ್ಲಿ ಭಾವಾರ, ಬುಡಸಮೇತ ಸುಡ್ಲಿ,” ಅಂದಳು.

ಜಿನ್ನಿನ ಕೋಣೆಯಲ್ಲಿ ರಾಚಪ್ಪ ಒಂದು ಗೋಣಿಚೀಲ ತಂದು ಸುರಿದ. ತಮ್ಮ ಸತ್ತ ದಿನ ಸುಟ್ಟ ಬೇರಿಂಗ್ ಅದು. ಅಂದು ಅದನ್ನು ತೆಗೆದು ಮೂಲೆಗೆಸೆದು, ಸವೆದ ಹಳೆಯದನ್ನೇ ಮತ್ತೆ ಹಾಕಿ ಮೂರು ವರ್ಷ ದೂಡಿದ್ದರು. ಈಗ ಅದೂ ಮುಗಿದಿತ್ತು. “ಇದಕ್ಕ ಹೊಸಾ ಎರಕಾ ಹೊಯ್ದು ಕೊಡು,” ಅಂದು ಅವನು ಹೋದ.

ಕೆಳಗಿನ ಚಿಪ್ಪಿನ ಲೋಹ ಕರಗಿ ಹರಿದುಹೋಗಿತ್ತು. ಮೇಲಿನದು ಹಾಗೇ ಇತ್ತು. ಎಣ್ಣೆ ಬಿಡುವ ತೂತು ಮೇಲಿನ ಚಿಪ್ಪಿನ ಬೆನ್ನಿಗಿರುತ್ತದೆ. ಅಭ್ಯಾಸಬಲದಿಂದ ತಂತಿ ಚುಚ್ಚಿದೆ. ಉಗುರಿನಷ್ಟು ಇಳಿದು ನಿಂತಿತು. ಒಳಗೆ ಮಣ್ಣು.

ಎರೆಯುವಾಗ ಲೋಹ ಹೊರಗೆ ಸೋರದಂತೆ ಈ ತೂತಿಗೆ ಮಣ್ಣು ತುರುಕುತ್ತೇವೆ. ಎರಕ ಆರಿದ ಮೇಲೆ ಬೈರಿಗೆ ಹಾಕಿ ಮಣ್ಣು, ಅಸ್ತರು ಎರಡನ್ನೂ ಕೊರೆದು ಎಣ್ಣೆಗೆ ದಾರಿ ಮಾಡಬೇಕು. ಯಾವನೋ ಕೊರೆದೇ ಇರಲಿಲ್ಲ. ತಮ್ಮ ಕೊಡಗಟ್ಟಲೆ ಎಣ್ಣೆ ಸುರಿದಿದ್ದರೂ ದಂಡಕ್ಕೆ ಹನಿ ಮುಟ್ಟುತ್ತಿರಲಿಲ್ಲ! ಎರೆದವನ ಏಳು ತಲೆಮಾರನ್ನು ಬೈಯುತ್ತ ಚಿಪ್ಪನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಾಲಾಗಿ ಮೂರು ಚುಕ್ಕೆ. ಗೋದಿಯಲ್ಲಿ ಪ್ರತಿ ಮೇಸ್ತ್ರಿ ತನ್ನ ಕೆಲಸಕ್ಕೆ ಒಂದು ಗುರುತು ಒತ್ತುತ್ತಾನೆ. ಮೂರು ಚುಕ್ಕೆ ನನ್ನದು.

ಎಂಜಿನ್ ಜೊತೆ ಒಂದು ಹೆಚ್ಚಿನ ಬೇರಿಂಗ್ ಎರೆದು ಕಳಿಸಿದ್ದೆ. ಅವತ್ತು ಗೂಡ್ಸ್ ಹೊರಡುವ ಹೊತ್ತಾಗಿತ್ತು, ಬಂಡಿಯವನು ಕೂಗುತ್ತಿದ್ದ, ತೂತು ಕೊರೆಯುವುದು ಮರೆತು ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದಿದ್ದೆ. ಸವೆದ ಹಳೆಯದನ್ನು ತೆಗೆದು ತಮ್ಮ ಹಾಕಿದ್ದು ಅದನ್ನೇ.

ಮೊದಲ ಯೋಚನೆ ಏನು ಬಂತು ಹೇಳಲಾ? ಕುಲುಮೆಗೆ ಹಾಕಿ ಕರಗಿಸಿಬಿಡು ಅಂತ. ಯಾರಿಗೆ ಗೊತ್ತಾಗುತ್ತದೆ? ಕುಲುಮೆ ಉರಿಯುತ್ತಲೇ ಇತ್ತು. ಆದರೆ ತಮ್ಮ ಎಣ್ಣೆ ಹಾಕಿದ್ದ ಅನ್ನಲು ಈ ಲೋಕದಲ್ಲಿ ಉಳಿದ ಸಾಕ್ಷಿ ಈ ಚಿಪ್ಪೊಂದೇ. ಬಸಂತರಾಯನನ್ನು ಕೆಡವಬೇಕಾದರೆ ಮೊದಲು ನಾನು ಬೀಳಬೇಕಿತ್ತು. ಬಿದ್ದೇನು, ಅವನನ್ನು ಬಿಡೆನು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹಜರಾಬಿಯನ್ನು ಜಿನ್ನಿನ ಅಂಗಳಕ್ಕೆ ಕರೆಸಿದೆ. ಬಂಡಿಯವರನ್ನೆಲ್ಲ ಕೂಡಿಸಿದೆ. ಬಸಂತರಾಯ ಧೋತರದ ಚುಂಗು ಹಿಡಿದು ಬಂದ. ಚಿಪ್ಪನ್ನು ಎರಡು ಇಟ್ಟಂಗಿ ಮೇಲಿಟ್ಟು, ಕೆಳಗೆ ಬಿಳಿ ಅರಿವೆ ಹಾಸಿ, ಎಣ್ಣೆ ಡಬ್ಬಿ ಅವನ ಕೈಗೇ ಕೊಟ್ಟೆ.

“ಹಾಕ್ರಿ ಸಾವಕಾರ್ರ.”

ಹಾಕಿದ. ಎಣ್ಣೆ ತೂತು ತುಂಬಿ ಬೆನ್ನ ಮೇಲೆ ಹರಡಿತು. ಅರಿವೆಗೆ ಒಂದು ಹನಿ ಬೀಳಲಿಲ್ಲ.

“ನನ್ನ ತಮ್ಮ ಎಣ್ಣಿ ಹಾಕಿದ್ದ. ಎಣ್ಣಿಗಿ ಹಾದಿ ಇರಲಿಲ್ಲ. ನೋಡ್ಕೋರ್ರಿ ಎಲ್ಲಾರೂ!”

ಬಸಂತರಾಯ ಬಗ್ಗಿ ಚಿಪ್ಪು ತಿರುಗಿಸಿದ. ಜಾಣ ಅವನು, ಎಂಜಿನ್ ಕೊಳ್ಳುವಾಗ ನೋಡಿದ್ದ ಚುಕ್ಕೆ ಗುರುತಿಸಿದ. “ಇದು ನಿಂದ ಗುರುತಲ್ಲೇನಲೇ ಮಶಾಕ? ನಿನ್ನ ತಮ್ಮನ್ನ ನೀನ ಕೊಂದಿ!”

“ಹೌದ್ರಿ, ತೂತ ನಂದು. ನಂದು ನಾ ಹೇಳ್ದೆ. ಈಗ ನಿಮ್ಮದು ಹೇಳ್ರಿ. ಅವ ನಿದ್ದಿ ಮಾಡಿದ್ದನೇನು?”

ಬಾಯಿ ಬಿಟ್ಟವನು ರಾಚಪ್ಪ. ತಲೆ ತಗ್ಗಿಸಿಕೊಂಡೇ ಹೇಳಿದ: “ನಿದ್ದಿ ಮಾಡಿರಲಿಲ್ರೆಪಾ. ಎಣ್ಣಿ ಹಾಕೇನಿ, ಆದ್ರೂ ಬೇರಿಂಗ್ ಕಾಯಾಕತ್ತೈತಿ, ಎಂಜಿನ್ ನಿಲ್ಲಸೂನ್ರಿ ಅಂತ ಮೂರ ಸಲ ಅಂದ. ಬಂಡಿ ಕಾಯಾಕತ್ತಾವು, ನಡಸು ಅಂತ ಸಾವಕಾರ್ರು ಅಂದ್ರು. ನಾ ಅಲ್ಲೇ ಇದ್ದೆ. ಹೊಟ್ಟಿಪಾಡು, ಬಾಯಿ ಮುಚಗೊಂಡೆ.”

ಹತ್ತಿ ತಂದಿದ್ದ ಗೊಳಸಂಗಿಯ ಒಬ್ಬ ಮುದುಕ ಥೂ ಅಂದು ಎದ್ದು ಎತ್ತು ಹೂಡಿದ. ಅವನ ಹಿಂದೆ ಇನ್ನೊಬ್ಬ. ಬಂಡಿಗಳು ಒಂದೊಂದೇ ಸಿಂದಗಿಯ ಜಿನ್ನಿನ ದಾರಿ ಹಿಡಿದವು. ಬಸಂತರಾಯ ಒಬ್ಬೊಬ್ಬರ ನೊಗ ಹಿಡಿದು ಬೇಡಿಕೊಂಡ, ಯಾರೂ ನಿಲ್ಲಲಿಲ್ಲ. ಮೂರು ವರ್ಷ ನಾನು ಕಾದ ನೋಟ ಅದು. ಹೊಟ್ಟೆ ತಣ್ಣಗಾಯಿತು. ನಗುತ್ತಲೇ ಹಜರಾಬಿ ಕಡೆ ತಿರುಗಿದೆ.

ಅವಳು ಬಂಡಿಗಳನ್ನು ನೋಡುತ್ತಿರಲಿಲ್ಲ. ಚಿಪ್ಪಿನ ಮುಂದೆ ಕೂತು ಆ ತೂತಿನ ಮೇಲೆ ಬೆರಳು ಇಟ್ಟಿದ್ದಳು.

“ಹೊಸಾದು ಹಾಕೂಮುಂದ ನಮ್ಮವರು ತೂತ ನೋಡ್ಲಿಲ್ಲೇನು?” ಅಂತ ರಾಚಪ್ಪನನ್ನು ಕೇಳಿದಳು.

“ನಾ ನೋಡು ಅಂದಿದ್ದೆವ್ವಾ. ನಮ್ಮಣ್ಣನ ಗುರುತೈತಿ, ನೋಡೂದೇನೈತಿ ಅಂದ.”

ಹಜರಾಬಿ ಸೆರಗಿಗೆ ಬೆರಳಿನ ಎಣ್ಣೆ ಒರೆಸಿಕೊಂಡು ಎದ್ದಳು.

“ಭಾವಾರ, ಮೂರ ವರ್ಷ ದಿನಾ ನಮಾಜ ಮುಗಿಸಿ ಆ ಸಾವಕಾರಗ ಶಾಪ ಹಾಕೇನಿ. ಅದರಾಗ ಅರ್ಧಾ ನಿಮ್ಮದಿತ್ತಲ್ರಿ. ನಿಮಗ ರೊಟ್ಟಿ ನೀಡಿ, ಆ ಶಾಪಾನೂ ಅವಗ ಕೊಟ್ಟೆ. ಇವತ್ತಿಂದ ನಿಮ್ಮ ಪಾಲು ನಿಮಗ ಕೊಡ್ತೇನಿ.”