ದನದ ಮಾತು

ಹೊಳೆ ದಾಟಿ ಬಂದ ಗಂಡಸು ದನದ ದೊಡ್ಡಿಯ ಬೇಲಿ ಹಿಡಿದು ನಿಂತು ಏನೋ ಅಂದ. ಒಳಗಿದ್ದ ಹುಡುಗಿ ಎಬ್ಬೆಗೆ ನಗು ತಡೆಯಲಾಗಲಿಲ್ಲ.

"ಅಮ್ಮಾ, ಇಲ್ಲಿ ನೋಡು. ಈ ಮನುಷ್ಯ ದನದ ಮಾತಾಡ್ತಾನೆ."

ಟಾಂಗ್ವೆನ್ ಕರುವಿನ ಹಗ್ಗ ಹಿಡಿದೇ ತಿರುಗಿದಳು. ಬಂದವನ ತಲೆ ಅರ್ಧ ನರೆತಿತ್ತು, ಎಡಗಿವಿಯ ತುದಿ ಹರಿದಿತ್ತು. ಆ ಕಿವಿಗೆ ನಾಯಿ ಬಾಯಿ ಹಾಕಿದ ದಿನ ಅವಳು ಪಕ್ಕದಲ್ಲೇ ಇದ್ದಳು. ಅಣ್ಣ ಕಿನಾನ್. ಎದೆ ಹೊಡೆದುಕೊಳ್ಳಬೇಕಿತ್ತು, ಓಡಿ ಹೋಗಿ ತಬ್ಬಿಕೊಳ್ಳಬೇಕಿತ್ತು. ಏನೂ ಆಗಲಿಲ್ಲ. ಹಗ್ಗವನ್ನು ಗೂಟಕ್ಕೆ ಕಟ್ಟಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

ಆ ವರ್ಷ ಹೊಳೆಯ ಆಚೆ ಈಚೆಯ ದೊರೆಗಳು ರಾಜಿ ಮಾಡಿಕೊಂಡಿದ್ದರು. ದಾಳಿಗಳಲ್ಲಿ ಹೊತ್ತು ತಂದ ಹೆಂಗಸರು ತಾವಾಗಿ ಬರುತ್ತೇವೆಂದರೆ ಅವರ ಕಡೆಯವರು ಕರೆದೊಯ್ಯಬಹುದು ಅಂತ ಮಾತಾಗಿತ್ತು. ಅದೂ ಬಾರ್ಲಿ ಕೊಯ್ಲು ಮುಗಿಯುವವರೆಗೆ ಮಾತ್ರ. ದೊರೆಗಳ ಸ್ನೇಹ ತಾಳುವುದೇ ಅಷ್ಟು. ಟಾಂಗ್ವೆನ್‌ಳ ಗಂಡ ಹೆದ್ದ ಮುಖ ಗಂಟಿಕ್ಕಿಕೊಂಡೇ ಬಂದವನ ಕೈಗೆ ಒಂದು ಬಟ್ಟಲು ಬೀರು ಕೊಟ್ಟ, ನೆರೆಯವರಿಬ್ಬರನ್ನು ಸಾಕ್ಷಿಗೆ ಕೂಗಿದ. ಹೋಗುತ್ತೇನೆ ಅನ್ನುವುದು ಅವಳ ಬಾಯಿಂದಲೇ ಬರಲಿ, ತಾನು ತಡೆಯುವವನಲ್ಲ ಅಂದ. ಎಬ್ಬೆ ಇಲ್ಲಿ ಹುಟ್ಟಿದವಳು, ಅವಳ ವಿಷಯ ಯಾರೂ ಎತ್ತಬೇಡಿ ಅಂತಲೂ ಸೇರಿಸಿದ.

ಟಾಂಗ್ವೆನ್ ನಮ್ಮೂರಿಗೆ ಬಂದದ್ದು ದನಗಳ ಜೊತೆ. ನಮ್ಮವರು ಹೊಳೆಯಾಚೆಯ ಹಟ್ಟಿಗೆ ಬೆಂಕಿಯಿಟ್ಟು ದನ ಹೊಡೆದುಕೊಂಡು ಬರುವಾಗ, ಕಾಯುತ್ತಿದ್ದ ಹುಡುಗಿಯನ್ನೂ ಹೊಡೆದುಕೊಂಡು ಬಂದರು. ನಮ್ಮವರು ಅಂದರೆ ಆಂಗ್ಲರು. ಮುತ್ತಜ್ಜಂದಿರ ಕಾಲದಲ್ಲಿ ಸಮುದ್ರ ದಾಟಿ ದೋಣಿಯಲ್ಲಿ ಈ ದ್ವೀಪಕ್ಕೆ ಬಂದಿಳಿದವರು ನಾವು; ಬಂದವರೇ, ಈ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ನಮ್ಮ ಮಾತಿನಲ್ಲಿ 'ಪರದೇಶಿಗಳು' ಅಂತ ಹೆಸರಿಟ್ಟೆವು. ನಾಚಿಕೆಗೆ ದೋಣಿಯಲ್ಲಿ ಜಾಗವಿರಲಿಲ್ಲವೆಂದು ಕಾಣುತ್ತದೆ.

ಹೆದ್ದನ ತಾಯಿ ಟೆಟ್ಟೆ ಗಟ್ಟಿ ಮುದುಕಿ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂದು, ಒಲೆಯ ಹತ್ತಿರ ಹುಡುಗಿಯ ಬಾಯಲ್ಲಿ ಹಳೆಯ ಮಾತು ಕೇಳಿಸಿದರೆ ಸೌಟಿನಲ್ಲಿ ಬಾರಿಸುತ್ತಿದ್ದಳು, ಆ ಹೊತ್ತಿನ ಗಂಜಿಗೂ ಕಲ್ಲು ಹಾಕುತ್ತಿದ್ದಳು. ಆದರೆ ತಂದ ದನಗಳು ನಮ್ಮ ಹೆಂಗಸರಿಗೆ ಹಾಲು ಬಿಡಲಿಲ್ಲ. ಒದ್ದವು, ಪಾತ್ರೆ ಉರುಳಿಸಿದವು. ಹುಡುಗಿ ಬಂದು ಕಿವಿಯ ಹತ್ತಿರ ಏನೋ ಅಂದ ಮೇಲೆಯೇ ಹಾಲು ಇಳಿದದ್ದು. ಮುದುಕಿ ಸ್ವಲ್ಪ ಹೊತ್ತು ನೋಡಿದಳು.

"ದನದ ಹತ್ರ ಏನಾದ್ರೂ ಒದರ್ಕೋ," ಅಂದಳು. "ಒಲೆ ಹತ್ರ ಮಾತ್ರ ಮನುಷ್ಯರ ಮಾತಾಡು."

ಮೊದಮೊದಲು ಟಾಂಗ್ವೆನ್ ದನಗಳಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಸೌಟಿನ ಬಾಸುಂಡೆ, ಅವ್ವನ ನೆನಪು, ಆಮೇಲೆ ಹೊಟ್ಟೆಯಲ್ಲಿ ಮಿಸುಕುತ್ತಿದ್ದ ಮಗು. ಬರಬರುತ್ತ ಕೆಲಸ ಹೆಚ್ಚಿತು, ಹೇಳುವುದು ಕಡಿಮೆಯಾಯಿತು. ದನಕ್ಕೆ ಎಷ್ಟು ಮಾತು ಬೇಕು? ನಿಂದ್ರು, ಸುಮ್ಮನಿರು, ಕುಡಿ. ಸಂಜೆ ದೊಡ್ಡಿಗೆ ಕರೆಯಲು ಒಂದು ಕೂಗು. ಟೆಟ್ಟೆ ಸತ್ತು ಮಣ್ಣಾಗಿ, ಹೊಡೆಯುವ ಕೈ ಇಲ್ಲವಾದ ಮೇಲೂ ಅವಳು ಆ ಮಾತನ್ನು ಒಲೆಯ ಹತ್ತಿರ ತರಲಿಲ್ಲ. ಎಬ್ಬೆಗೆ ಕಲಿಸಲೂ ಇಲ್ಲ. ದೊಡ್ಡಿಯಲ್ಲಿ ಕೇಳಿ ಕೇಳಿ ಹುಡುಗಿಗೆ ಬಂದದ್ದು ಬಂತು. ದನಗಳಿಗೆಂದೇ ಮಾಡುವ ಸದ್ದು ಅಂದುಕೊಂಡಿದ್ದಳು.

ಈಗ ಕಿನಾನ್ ಬೇಲಿಯ ಆಚೆ ನಿಂತು ಅದೇ ಮಾತಿನಲ್ಲಿ ಊರಿನ ಸುದ್ದಿ ಹೇಳುತ್ತಿದ್ದ. ಹಟ್ಟಿಯನ್ನು ಮತ್ತೆ ಕಟ್ಟಿದ್ದು, ಅವಳ ಗೆಳತಿಗೆ ಮೊಮ್ಮಗು ಹುಟ್ಟಿದ್ದು. ಆಮೇಲೆ ದನಿ ಇಳಿಸಿದ.

"ಅವ್ವ ಹೋದ ಚಳಿಗಾಲದಾಗ ತೀರ್ಕೊಂಡ್ಲವ್ವಾ. ಕಡೀತನಕ ಸಂಜಿಮುಂದ ಬಾಗಲದಾಗ ನಿಂತು ನಿನ್ನ ಕೂಗ್ತಿದ್ಲು. ನೀ ಸಣ್ಣಾಕಿ ಇದ್ದಾಗ ಕೂಗ್ತಿದ್ಲಲ್ಲ, ಹಂಗ."

ಅವಳಿಗೆ ಒಂದೊಂದು ಮಾತೂ ಅರ್ಥವಾಯಿತು. ಉತ್ತರ ಕೊಡಲು ಬಾಯಿ ತೆರೆದಳು.

"ನಿಂದ್ರು," ಅಂದಳು. ಅದಲ್ಲ. ಮತ್ತೆ ಹುಡುಕಿದಳು. "ಹೋ, ಹೋ. ಸುಮ್ಮನಿರು." ಅವನ ಕೈಯಲ್ಲಿದ್ದ ಬಟ್ಟಲು ಕಂಡಿತು. "ಕುಡಿಯವ್ವಾ, ಕುಡಿ."

ಕಿನಾನ್ ಬಟ್ಟಲನ್ನೂ ನೋಡಿದ, ಅವಳನ್ನೂ ನೋಡಿದ. ತಂಗಿಗೆ ತಲೆ ಕೆಟ್ಟಿದೆಯೋ, ಇವರೆದುರು ತನ್ನನ್ನು ಆಡಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ.

"ದನಕ್ಕಂದಂಗ ಅಂತೀಯಲ್ಲ ತಂಗಿ. ನಾ ನಿಮ್ಮಣ್ಣ. ಬರ್ತೀಯೋ ಇಲ್ಲೋ, ಅಷ್ಟು ಹೇಳು."

ಅಳು ಬಂದಿದ್ದರೂ ಅದೇ ಉತ್ತರವಾಗುತ್ತಿತ್ತು. ಅದೂ ಬರಲಿಲ್ಲ. ಒಳಗೆ ಎಲ್ಲಿ ಮುಟ್ಟಿ ನೋಡಿದರೂ ಮರಗಟ್ಟಿತ್ತು. ಸಾಕ್ಷಿಗೆ ಬಂದವರು ಕಾಲು ಬದಲಿಸಿ ನಿಂತರು, ಹೆದ್ದ ನೆಲ ನೋಡುತ್ತಿದ್ದ, ಎಬ್ಬೆಯ ನಗು ಆಗಲೇ ನಿಂತಿತ್ತು. ಕರುವಿನ ಪಕ್ಕ ಕಟ್ಟಿದ್ದ ಹಸು ಒಮ್ಮೆ ಕೂಗಿತು.

"ಹಾಲು ಕರೆಯೋ ಹೊತ್ತಾಯ್ತು," ಅಂದಳು ಟಾಂಗ್ವೆನ್, ನಮ್ಮ ಮಾತಿನಲ್ಲಿ.

ಸಾಕ್ಷಿಗಳು ಅದನ್ನೇ ಉತ್ತರವೆಂದು ತಿಳಿದು ಹೊರಟರು. ಕಿನಾನ್‌ಗೆ ನಮ್ಮ ಮಾತು ಬಾರದು. ಅವಳು ಪಾತ್ರೆ ಎತ್ತಿಕೊಂಡು ಬೆನ್ನು ತಿರುಗಿಸಿದ್ದನ್ನು ನೋಡಿ ಅವನೂ ತಿಳಿದುಕೊಂಡ. ತುಂಬಿದ ಬಟ್ಟಲನ್ನು ತುಟಿಗೆ ತಾಗಿಸದೆ ಬೇಲಿಯ ಬುಡದಲ್ಲಿಟ್ಟು ಹೊಳೆಯ ಕಡೆ ನಡೆದ.

ಅವಳು ಹಸುವಿನ ಪಕ್ಕೆಗೆ ಹಣೆ ಒತ್ತಿ ಕೂತು ಕರೆಯತೊಡಗಿದಳು. ಉಳಿದ ದನಗಳು ಇನ್ನೂ ಹೊಳೆಯ ದಂಡೆಯಲ್ಲಿ ಮೇಯುತ್ತಿದ್ದವು. ಎಬ್ಬೆ ದಿಬ್ಬ ಹತ್ತಿ, ದಿನಾ ಕೂಗುವಂತೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ಬಾರವ್ವಾ, ಮನೀಗ್ ಬಾ. ಕತ್ತಲಾತು ನನ್ನ ಬಂಗಾರ, ಮನೀಗ್ ಬಾ."

ದನಗಳು ತಲೆ ಎತ್ತಿದವು. ಹೊಳೆಯ ನಡುವೆ, ಮೊಣಕಾಲುದ್ದ ನೀರಿನಲ್ಲಿ, ಕಿನಾನ್ ನಿಂತ. ತಿರುಗಿದ. ಎಬ್ಬೆ ಇನ್ನೊಮ್ಮೆ ಕೂಗಿದಳು, ತಾನು ಕಾಣದ ಅಜ್ಜಿ ಎಲ್ಲಿ ದನಿ ಎಳೆಯುತ್ತಿದ್ದಳೋ ಅಲ್ಲೇ ಎಳೆದು. ದನಗಳು ಒಂದರ ಹಿಂದೊಂದು ದಂಡೆ ಹತ್ತಿ ದೊಡ್ಡಿಗೆ ಬಂದವು. ಅವನು ನೀರಿನಲ್ಲೇ ನಿಂತಿದ್ದ.

"ಎಲ್ಲಾ ಬಂದ್ವು ಅಮ್ಮ. ಬಾಗಿಲು ಹಾಕ್ಲಾ?"

ಟಾಂಗ್ವೆನ್‌ಳ ಕೈ ಕೆಚ್ಚಲ ಮೇಲೆ ನಿಂತುಬಿಟ್ಟಿತ್ತು. ಹಸು ಕತ್ತು ಹೊರಳಿಸಿ ಅವಳನ್ನು ನೋಡಿತು. ಪಾತ್ರೆಯಲ್ಲಿ ನೊರೆ ಮೆಲ್ಲಗೆ ಇಳಿಯುತ್ತಿತ್ತು.