ಹೊರದ ಹೊರೆಗೆ ಕೂಲಿ

ಕೇರಳದ ಚಂಗನಾಶ್ಶೇರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಪ್ರಭಾಸನ್, ಲಾರಿಯ ಹಲಗೆಯಿಂದ ಜಾರಿ ಬಿದ್ದು ಹಾಸಿಗೆ ಹಿಡಿದು ಆರು ವಾರವಾಗಿತ್ತು. ಅವನ ಹಮಾಲರ ಸಂಘದ ಕಾರ್ಡನ್ನು ಹಿಂದಿರುಗಿಸಿಬಿಡಬೇಕೆಂದು ಹೆಂಡತಿ ವಿಲಾಸಿನಿ ಹಟ ಹಿಡಿದಿದ್ದಳು.

ಸಂಘದ ಮೇಸ್ತ್ರಿ ಔಸೇಪ್ ನೋಡಲು ಬಂದಾಗ ಅವಳು ಕಾರ್ಡನ್ನು ಅವನ ಮುಂದಿಟ್ಟಳು.

“ತಗೊಂಡು ಹೋಗಿ ಚೇಟ್ಟಾ. ನಿಮ್ಮ ಸಂಘದ ಸಹವಾಸ ಸಾಕು.”

“ಯಾಕಮ್ಮ, ಏನಾಯ್ತು?”

“ಏನಾಯ್ತಾ? ನಮ್ಮ ಮಕ್ಕಳಿಗೆ ಪಾಠ ಹೇಳೋ ತಂಗಮಣಿ ಟೀಚರ್ ಮನೆಗೆ ಬೀರು ಬಂತು. ಅವರ ತಮ್ಮಂದಿರೇ ಇಳಿಸ್ಕೊಂಡ್ರು. ನಿಮ್ಮೋರು ಆರು ಜನ ಕೈಕಟ್ಟಿ ನಿಂತು, ಇಲ್ಲಿ ಸಾಮಾನು ಇಳಿಸೋ ಹಕ್ಕು ನಮ್ದೇ ಅಂತ ನೋಡಿದ್ದಕ್ಕೇ ಕೂಲಿ ಇಸ್ಕೊಂಡ್ರು. ಬೀರುಗೆ ದೃಷ್ಟಿ ತಾಗದೆ ಇದ್ದದ್ದೇ ಪುಣ್ಯ. ನಾನೀಗ ಆ ಟೀಚರ್ ಮುಖ ಹೇಗೆ ನೋಡ್ಲಿ?”

ಔಸೇಪ್ ತಲೆ ತಗ್ಗಿಸಿದ. “ಅದು ತಪ್ಪೇ. ಕಾನೂನೂ ಒಪ್ಪಲ್ಲ. ಆದ್ರೆ ಕಾರ್ಡ್ ಕೊಟ್ಟರೆ ಇವನ ಜಾಗ ಹೋಗುತ್ತಲ್ಲಮ್ಮ. ಆರು ವಾರದಿಂದ ಇವನ ಸರದಿ ನಾವೇ ಹೊತ್ತು, ಪಾಲು ಮನೆಗೆ ಕಳಿಸ್ತಿದ್ದೀವಿ. ಆಸ್ಪತ್ರೆ ಖರ್ಚಿಗೆ ಕ್ಷೇಮನಿಧಿ ಇದೆ. ನಮ್ಮಪ್ಪ ಬಿದ್ದಾಗ ಸಂಘ ಇರ್ಲಿಲ್ಲ. ಮಾರನೇ ದಿನವೇ ಅವರ ಜಾಗದಲ್ಲಿ ಬೇರೆಯವನು ಮೂಟೆ ಹೊರ್ತಿದ್ದ.”

ಬೆಳಗ್ಗೆ ಮಕ್ಕಳು ತಿಂದ ಪುಟ್ಟು ಯಾರ ಬೆವರಿನದು ಎಂದು ವಿಲಾಸಿನಿಗೂ ಗೊತ್ತಿತ್ತು.

ಮಲಗಿದ್ದಲ್ಲಿಂದಲೇ ಪ್ರಭಾಸನ್ ಹೇಳಿದ: “ಕಾರ್ಡ್ ಒಳಗಿಡು. ಭಾನುವಾರದ ಸಭೆಗೆ ನನ್ನನ್ನ ಕರ್ಕೊಂಡು ಹೋಗು.”

ಭಾನುವಾರ ಅವನು ಸೊಂಟಕ್ಕೆ ಪಟ್ಟಿ ಬಿಗಿದು, ಹೆಂಡತಿಯ ಹೆಗಲು ಹಿಡಿದು ಸಭೆಯಲ್ಲಿ ಎದ್ದು ನಿಂತ.

“ನನ್ನ ಮನೆ ಒಲೆ ಉರಿಸಿದ್ದು ನೀವು. ಸಾಯೋವರೆಗೂ ಮರೆಯಲ್ಲ. ಅದಕ್ಕೇ ಕೇಳ್ತೀನಿ, ಹೊರದ ಹೊರೆಗೆ ಕೂಲಿ ಬೇಡ. ನಾಳೆ ನಮಗೆ ಕಷ್ಟ ಬಂದ್ರೆ ಊರು ನಮ್ಮ ಕಡೆ ನಿಲ್ಬೇಡ್ವಾ?”

“ಮಲಗಿ ಉಂಡೋನು ಬುದ್ಧಿ ಹೇಳೋಕೆ ಬಂದ,” ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಹೌದಪ್ಪ, ಮಲಗೇ ಉಂಡೆ. ಬಿದ್ದೋನಿಗೆ ಕೊಡೋದು ಸಂಘದ ಕೆಲಸ. ನಿಂತು ನೋಡಿ ಕಿತ್ಕೊಳ್ಳೋದು ಯಾವ ಕೆಲಸ?”

ಅವನ ಮಾತಿಗೆ ಒಪ್ಪಿ ಮೊದಲು ಎದ್ದದ್ದು ಔಸೇಪನ ಕೈ. ಆಮೇಲೆ ಒಂದೊಂದಾಗಿ ಇನ್ನಷ್ಟು ಕೈಗಳು. ಎಲ್ಲರೂ ಎತ್ತಲಿಲ್ಲ, ಆದರೆ ಎತ್ತಿದವರೇ ಹೆಚ್ಚು. ಅಂದು ಸಂಜೆ, ಸಂಘ ಹಿಂದಿರುಗಿಸಿದ ಕೂಲಿ ಹಣವನ್ನು ವಿಲಾಸಿನಿಯೇ ಹೋಗಿ ಟೀಚರ್‌ಗೆ ಕೊಟ್ಟು ಬಂದಳು. ಬಂದವಳು ಗಂಡನ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಟ್ಟಳು.

ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಸಂಘ ಸೇರಿ. ಬಿದ್ದಾಗ ಎತ್ತುವ ಕೈಗಳು ಅಲ್ಲಿವೆ. ಸೇರಿದ ಮೇಲೆ ಸುಮ್ಮನಿರಬೇಡಿ. ತಪ್ಪು ಕಂಡರೆ ಎದ್ದು ಹೇಳಿ. ಹೇಳಿದ ಕಡೆಯೆಲ್ಲ ಇಷ್ಟು ಬೇಗ ಸರಿಹೋಗುತ್ತದೆ ಎನ್ನಲಾಗದು. ಆದರೂ ನಿಮ್ಮ ಸಂಘದ ಮುಂದಿನ ಸಭೆ ಯಾವತ್ತು ಎಂದು ಇವತ್ತೇ ವಿಚಾರಿಸಿಕೊಳ್ಳಿ.