ಗುಂಡಿ ಸಾಹೇಬರ ಸಹಿ

ಮಗಳು ತೀರಿಕೊಂಡ ಅಪ್ಪನ ಅಂಗಿಯ ಕೊನೆಯ ಗುಂಡಿ ಹಾಕುತ್ತಿರುವಾಗಲೇ ಪುರಸಭೆಯ ಮಾಜಿ ಅಧ್ಯಕ್ಷರ ಕಾರು ಬಾಗಿಲಿಗೆ ಬಂತು. ಅವರು ಹಾರ ಹಾಕಿ, ಕೈಕಟ್ಟಿ ನಿಂತು, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು:

"ಇಂಥ ಹೆಲ್ತ್ ಇನ್ಸ್‌ಪೆಕ್ಟರ್ ಮತ್ತೆ ಸಿಗಲ್ಲ. ಒಂದೇ ಒಂದು ಫೈಲು ನಿಲ್ಲಿಸಿದೋರಲ್ಲ."

ಮೂಲೆಯಲ್ಲಿದ್ದ ಕಚೇರಿಯ ಹಳೆಯ ಜವಾನ ತಲೆ ತಗ್ಗಿಸಿದ. ಫೈಲು ನಿಲ್ಲಿಸುವುದೇ ಆ ಮನುಷ್ಯನ ಕಸುಬಾಗಿತ್ತೆಂದು ಅವನಿಗೆ ಗೊತ್ತಿತ್ತು. ಊರೆಲ್ಲ ಅವರನ್ನು ಗುಂಡಿ ಸಾಹೇಬರು ಎನ್ನುತ್ತಿತ್ತು. ಹೊಸ ಮನೆಯವರು ಶೌಚದ ಗುಂಡಿಗೆ ಒಪ್ಪಿಗೆ ಕೇಳಿದರೆ ಸಾಹೇಬರು ತಾವೇ ಹೋಗಿ ನೆಲ ಅಗೆಸಿ, ನೀರು ಹೊಯ್ಯಿಸಿ, ಅದು ಎಷ್ಟು ಹೊತ್ತಿಗೆ ಇಂಗುತ್ತದೆಂದು ಗಡಿಯಾರ ನೋಡುತ್ತ ಕೂರುತ್ತಿದ್ದರು. ಹೆಣ್ಣು ನೋಡಲು ತಮ್ಮ ಮನೆಗೆ ಬಂದಾಗಲೂ ಇಷ್ಟು ಹೊತ್ತು ಕೂತಿರಲಿಲ್ಲ ಎಂದು ಹೆಂಡತಿ ನಗುತ್ತಿದ್ದರು.

* * *

ಹನ್ನೆರಡು ವರ್ಷದ ಹಿಂದೆ, ಆಗಿನ್ನೂ ಅಧಿಕಾರದಲ್ಲಿದ್ದ ಅಧ್ಯಕ್ಷರ ಭಾವಮೈದುನ ದಿಬ್ಬದ ಮೇಲೆ ನಲವತ್ತು ಮನೆಗಳ ಬಡಾವಣೆ ಹಾಕಿದ. ಅಲ್ಲಿ ಮೂರಡಿಗೇ ಬಂಡೆ. ಬೆಳಿಗ್ಗೆ ಹೊಯ್ದ ನೀರು ಸಂಜೆಯಾದರೂ ಇಂಗಲಿಲ್ಲ. ಇಲ್ಲಿಯ ಹೊಲಸು ಬಂಡೆಯ ಮೇಲೆ ಜಾರಿ ತಗ್ಗಿನ ಬೀದಿಯ ಬಾವಿಗಿಳಿಯುತ್ತದೆ ಎಂದು ಸಾಹೇಬರು ಬರೆದರು. ಫೈಲು ವಾಪಸು ಬಂತು. ಮತ್ತೆ ಅದನ್ನೇ ಬರೆದರು. ಮೂರನೆಯ ಸಲ ಮೇಲಧಿಕಾರಿ ಕರೆಸಿ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಒಪ್ಪಿಗೆ ಪತ್ರ, ಇನ್ನೊಂದು ದೂರದೂರಿಗೆ ವರ್ಗದ ಆದೇಶ. ಹೆಂಡತಿಗೆ ಆಗ ವಾರಕ್ಕೆರಡು ಸಲ ಡಯಾಲಿಸಿಸ್. ಆ ಊರಿನಲ್ಲಿ ಅದರ ಯಂತ್ರವೇ ಇರಲಿಲ್ಲ.

"ಅಧ್ಯಕ್ಷರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದಾರೆ. ಯಾವುದಾದ್ರೂ ಒಂದು ತಗೊಳ್ಳಿ," ಎಂದರು ಮೇಲಧಿಕಾರಿ. "ಆಮೇಲೆ ಏನಾದ್ರೂ ಆದ್ರೆ ನೋಡ್ಕೊಳ್ಳೋಕೆ ನಾನಿಲ್ವಾ?"

ಚಹಾ ತಂದಿದ್ದ ಜವಾನನ ಎದುರಿಗೇ ಸಾಹೇಬರು ಸಹಿ ಹಾಕಿದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿ ನಾತ ಹೊಡೆಯಿತು. ತಗ್ಗಿನ ಬೀದಿಗೆ ಕಾಮಾಲೆ ಬಂತು. ಆರು ಜನ ಹೋದರು. ತನಿಖೆಯಾಗಲಿ ಎಂದು ಸಾಹೇಬರೇ ಮೇಲಕ್ಕೆ ಬರೆದರು. ತನಿಖೆಗೆ ಬಂದವರು ಅದೇ ಮೇಲಧಿಕಾರಿ. ಮಧ್ಯಾಹ್ನದ ಊಟ ಅಧ್ಯಕ್ಷರ ಮನೆಯಲ್ಲಾಯಿತು. ನೀರಿನಲ್ಲಿ ದೋಷವಿಲ್ಲ, ಜನರೇ ಶುಚಿಯಾಗಿಲ್ಲ ಎಂದು ವರದಿ ಬಂತು. ಅದೇ ವರ್ಷ ಹೆಂಡತಿಯೂ ತೀರಿಕೊಂಡರು.

* * *

ಶವ ಎತ್ತುವ ಹೊತ್ತಿಗೆ ತಗ್ಗಿನ ಬೀದಿಯ ಬಟ್ಟೆ ಹೊಲಿಯುವ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಕಾಮಾಲೆಗೆ ಮಗಳನ್ನು ಕಳೆದುಕೊಂಡವಳು. ಏನು ರಾದ್ಧಾಂತವಾಗುತ್ತದೋ ಎಂದು ಜವಾನ ಅಡ್ಡ ಹೋದ. ಸಾಹೇಬರ ಮಗಳು ಅವಳನ್ನು ಒಳಗೆ ಕರೆದಳು.

"ನಿಮ್ಮಪ್ಪ ರಿಟೈರಾದ ಮಾರನೇ ದಿನ ನಮ್ಮನೆಗೆ ಬಂದಿದ್ರು ಕಣಮ್ಮ," ಎಂದಳು ಹೆಂಗಸು. "ಸಹಿ ಹಾಕಿದ್ದು ನಾನೇ, ಗೊತ್ತಿದ್ದೇ ಹಾಕಿದ್ದು ಅಂದ್ರು. ಮುಖಕ್ಕೆ ಉಗಿದೆ. ಒರೆಸ್ಕೊಳ್ಳಲಿಲ್ಲ."

ಮಗಳು ತಡೆದು ತಡೆದು, ಈಗಲಾದರೂ ಕ್ಷಮಿಸಿದಿರಾ ಎಂದು ಕೇಳಿದಳು.

"ಇಲ್ಲ. ಬಾವಿ ಇನ್ನೂ ಹಾಗೇ ಇದೆ. ಆದ್ರೆ ಬಂದು ಹೇಳಿದೋರು ಅವರೊಬ್ಬರೇ. ಅದಕ್ಕೇ ಬಂದೆ."

ಜವಾನನಿಗೆ ತಡೆಯಲಾಗಲಿಲ್ಲ. ಸಾಹೇಬರು ಸಹಿ ಹಾಕಿದ್ದು ಅಮ್ಮನ ಆಸ್ಪತ್ರೆಗೋಸ್ಕರ ಎಂದುಬಿಟ್ಟ. ಅಮ್ಮನಿಗೆ ಸಿಕ್ಕ ಆ ಎರಡು ವರ್ಷ ಯಾರ ಮನೆಯಿಂದ ಬಂದಿತ್ತೆಂದು ಮಗಳಿಗೆ ಆಗ ತಿಳಿಯಿತು. ಆ ಹೆಂಗಸಿನ ಮುಖ ನೋಡಲು ಅವಳಿಂದಾಗಲಿಲ್ಲ. ಹೆಂಗಸು ಸತ್ತವರ ಕಾಲು ಮುಟ್ಟಲಿಲ್ಲ. ಒಂದು ಗಳಿಗೆ ನೋಡಿ ಹೊರಗೆ ಹೋದಳು.

ಶವ ಹೊರಟಿತು. ಬಿಸಿಲಲ್ಲಿ ನಿಂತವರಿಗೆ ಅಧ್ಯಕ್ಷರ ಕಡೆಯವರು ನೀರಿನ ಬಾಟಲಿ ಹಂಚಿದ್ದರು. ಜನ ಎರಡು ಗುಟುಕು ಕುಡಿದು ಗೋಡೆಯುದ್ದಕ್ಕೂ ಇಟ್ಟು ಹೋಗಿದ್ದರು. ಅಂಗಳ ಬರಿದಾದ ಮೇಲೆ ಹೊಲಿಯುವ ಹೆಂಗಸು ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ಎಂಜಲು ನೀರನ್ನು ಒಂದು ಬಾಟಲಿಯಿಂದ ಇನ್ನೊಂದಕ್ಕೆ, ಹನಿಯೂ ಚೆಲ್ಲದ ಹಾಗೆ, ಬಗ್ಗಿಸಿಕೊಳ್ಳುತ್ತಿದ್ದಳು.